ಅಪ್ಪನ ಯುರೋಪ್ ಪ್ರವಾಸ

ನನ್ನ ಲ್ಯಾಪ್‌ಟಾಪಿನಲ್ಲಿ ‘ಅಪ್ಪ ಸ್ವಿಸ್ ಫೈನಲ್’ ಎಂಬ ಎಕ್ಸೆಲ್ ಫೈಲ್ ಒಂದಿದೆ. ಹತ್ತು ದಿನಕ್ಕೆ ಹತ್ತು ಹಾಳೆ. ಮೊದಲ ದಿನ ಜ್ಯೂರಿಕ್, ಮೂರನೆಯ ದಿನ ಲ್ಯೂಸರ್ನ್ ಸರೋವರದಲ್ಲಿ ದೋಣಿ, ಐದನೆಯ ದಿನ 3,454 ಮೀಟರ್ ಎತ್ತರದ ಯುಂಗ್‌ಫ್ರಾಯೋಕ್ ರೈಲು ನಿಲ್ದಾಣ. ಯಾವ ಊರಿನಲ್ಲಿ ಸಸ್ಯಾಹಾರ ಸಿಗುತ್ತದೆ, ಎಲ್ಲಿ ಅಪ್ಪ ಹತ್ತು ನಿಮಿಷ ಕೂರಬಹುದು, ಅದೂ ಬರೆದಿದ್ದೆ. ನಾವು ಐಟಿಯವರು ಮಾಡುವ ಕೆಲಸವೇ ಹೀಗೆ. ಪ್ರೀತಿಯನ್ನೂ ಕಾಲಂ ಹಾಕಿ ತೋರಿಸುತ್ತೇವೆ.

ಅಪ್ಪ ಶ್ರೀರಂಗಪಟ್ಟಣದ ಹತ್ತಿರದ ಹಳ್ಳಿಯವರು. 34 ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದವರು. ಯುರೋಪಿನ ನಕ್ಷೆಯನ್ನು ಪುಸ್ತಕ ನೋಡದೆ ಬೋರ್ಡಿನ ಮೇಲೆ ಒಂದೇ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಇಟಲಿಯ ಬೂಟು ಬರುವ ಹೊತ್ತಿಗೆ ಸೀಮೆಸುಣ್ಣ ಬೆರಳುಗುರಷ್ಟು ಉಳಿದಿರುತ್ತಿತ್ತು. ಸ್ವಿಟ್ಜರ್‌ಲ್ಯಾಂಡ್ ಅವರಿಗೆ ಪ್ರಿಯವಾದ ದೇಶ. “ಜರ್ಮನ್, ಫ್ರೆಂಚ್, ಇಟಾಲಿಯನ್, ರೊಮಾನ್ಶ್. ನಾಲ್ಕು ಭಾಷೆ, ಇಪ್ಪತ್ತಾರು ಕ್ಯಾಂಟನ್ನು, ಒಂದು ದೇಶ. ಜಗಳ ಆಡದೆ ಇದಾರೆ” ಎನ್ನುತ್ತಿದ್ದರು. ಮಂಡ್ಯ ಜಿಲ್ಲೆಯವರು ಈ ಮಾತನ್ನು ಏಕೆ ಹೇಳುತ್ತಾರೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಅಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು. ಎಪ್ಪತ್ತೊಂದನೆಯ ವಯಸ್ಸಿಗೆ ಅಪ್ಪನಿಗೆ ಮೊದಲ ಪಾಸ್‌ಪೋರ್ಟ್ ಮಾಡಿಸಿದೆವು. ಆದರೆ ಹೊರಡಲು ಐದು ವಾರ ಇರುವಾಗ ಎದೆನೋವು ಬಂತು. ಮೈಸೂರಿನಲ್ಲಿ ಸ್ಟೆಂಟ್ ಹಾಕಿದರು. ಆರು ತಿಂಗಳು ದೂರ ಪ್ರಯಾಣ ಬೇಡ, ಅಷ್ಟು ಎತ್ತರದ ಜಾಗವಂತೂ ಬೇಡವೇ ಬೇಡ ಎಂದರು ಡಾಕ್ಟರು. ಆರು ತಿಂಗಳು ಕಳೆದ ಮೇಲೆ ನಾನು ಮತ್ತೆ ಫೈಲ್ ತೆರೆದರೆ ಅಪ್ಪನೇ ಫೋನಿನಲ್ಲಿ, “ಸಾಕು ಬಿಡಪ್ಪ, ನಿನ್ನ ಮನೆಗೇ ಬರ್ತೀನಿ, ಚಳಿಗಾಲದಲ್ಲಿ” ಎಂದರು. ಡಿಸೆಂಬರಿನಲ್ಲಿ ಕಾವೇರಿ ಎಕ್ಸ್‌ಪ್ರೆಸ್ ಹತ್ತಿ ಚೆನ್ನೈ ಸೆಂಟ್ರಲ್‌ನಲ್ಲಿ ಇಳಿದರು. ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ಹೊಸ ಅವರೆಕಾಯಿ.

ನಾನು ಚೆನ್ನೈಗೆ ಬಂದು ಹನ್ನೊಂದು ವರ್ಷ. ನಮ್ಮ ಓಎಂಆರ್ ಕಡೆಯ ಕನ್ನಡಿಗರ ಬದುಕು ನಿಮಗೆ ಗೊತ್ತೇ ಇದೆ. ಸೋಮವಾರದಿಂದ ಶುಕ್ರವಾರ ಆಫೀಸು, ಮೂರು ದಿನ ರಜೆ ಸಿಕ್ಕರೆ ಊರಿನ ರೈಲು. ಈ ಊರನ್ನು ನಾನು ನೋಡಿಯೇ ಇರಲಿಲ್ಲ. “ಇಲ್ಲಿ ನೋಡೋಕೇನಿದೆ ಅಪ್ಪ, ಬೀಚು, ಬಿಸಿಲು” ಎಂದೆ. ಅಪ್ಪ ನನ್ನನ್ನು ಹಿಂದಿನ ಬೆಂಚಿನ ಹುಡುಗನನ್ನು ನೋಡುವಂತೆ ನೋಡಿದರು. “ಪುಲಿಕಾಟ್ ಎಷ್ಟು ದೂರ? ಟ್ರಾಂಕ್ವೆಬಾರ್? ಸದ್ರಾಸ್? ಈ ಹೆಸರೆಲ್ಲ ನಾನು ಸಾವಿರಾರು ಮಕ್ಕಳ ಕೈಲಿ ಬಾಯಿಪಾಠ ಮಾಡಿಸಿದೀನಿ. ಒಂದನ್ನೂ ನೋಡಿಲ್ಲ ಕಣೋ.”

ಆ ರಾತ್ರಿ ಅವರು ಮೊಮ್ಮಗಳ ನೋಟ್‌ಬುಕ್ಕಿನ ಹಾಳೆಯಲ್ಲಿ ಕೋರಮಂಡಲ ಕರಾವಳಿ ಬರೆದು, ಪೋರ್ಚುಗೀಸ್, ಡಚ್, ಇಂಗ್ಲಿಷ್, ಡೇನಿಶ್, ಫ್ರೆಂಚ್ ಎಂದು ಐದು ಚುಕ್ಕಿ ಇಟ್ಟರು. ಐದೂ ನಮ್ಮ ಮನೆಯಿಂದ ಮುನ್ನೂರು ಕಿಲೋಮೀಟರ್ ಒಳಗೆ. ನನ್ನ ಎಕ್ಸೆಲ್‌ಗಿಂತ ಆ ಹಾಳೆ ಚೆನ್ನಾಗಿತ್ತು.

ಮೊದಲ ಶನಿವಾರ ಸೇಂಟ್ ಜಾರ್ಜ್ ಕೋಟೆ. ನೀವು ಹೋಗುವುದಾದರೆ ಆಧಾರ್ ಕಾರ್ಡ್ ಇಟ್ಟುಕೊಳ್ಳಿ, ಒಳಗೆ ರಾಜ್ಯದ ಸಚಿವಾಲಯವಿರುವುದರಿಂದ ತಪಾಸಣೆ ಇದೆ. ಶುಕ್ರವಾರ ಮ್ಯೂಸಿಯಂ ಮುಚ್ಚಿರುತ್ತದೆ. 1639ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಇಲ್ಲಿ ಮರಳಿನ ಒಂದು ಪಟ್ಟಿ ಸಿಕ್ಕಿತು. ಕೊಟ್ಟವನು ದಾಮರ್ಲ ವೆಂಕಟಾದ್ರಿ ನಾಯಕ. “ವಿಜಯನಗರದ ಕಡೇ ದಿನಗಳ ನಾಯಕ ಅವನು. ಅಂದ್ರೆ ಇಲ್ಲಿ ಬ್ರಿಟಿಷರ ಮೊದಲ ಬಾಡಿಗೆ ಮನೆ ನಮ್ಮೋರೇ ಕೊಟ್ಟಿದ್ದು” ಎಂದರು ಅಪ್ಪ. ಕೋಟೆಯೊಳಗಿನ ಸೇಂಟ್ ಮೇರಿ ಚರ್ಚು 1680ರದು. ರಾಬರ್ಟ್ ಕ್ಲೈವ್ ಮದುವೆಯಾದದ್ದು ಅಲ್ಲೇ, 1753ರಲ್ಲಿ. ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಯಾರ ಹೆಸರಿದೆಯೋ ಆ ಎಲಿಹು ಯೇಲ್ ಇಲ್ಲಿ ಗವರ್ನರ್ ಆಗಿದ್ದವನು. ಅವನ ಮದುವೆಯೂ ಇದೇ ಚರ್ಚಿನಲ್ಲಿ.

ಮ್ಯೂಸಿಯಂನಲ್ಲಿ ಕಾರ್ನ್‌ವಾಲಿಸ್‌ನ ದೊಡ್ಡ ಅಮೃತಶಿಲೆಯ ಪ್ರತಿಮೆ ಇದೆ. ಥಾಮಸ್ ಬ್ಯಾಂಕ್ಸ್ ಎಂಬ ಇಂಗ್ಲಿಷ್ ಶಿಲ್ಪಿ ಕೆತ್ತಿದ್ದು. ಎಲ್ಲರೂ ಮೇಲೆ ಮುಖ ನೋಡುತ್ತಾರೆ, ಅಪ್ಪ ಕೆಳಗೆ ಪೀಠದ ಹತ್ತಿರ ಬಗ್ಗಿದರು. ಅಲ್ಲಿ ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನು ಕಾರ್ನ್‌ವಾಲಿಸ್‌ಗೆ ಒಪ್ಪಿಸುವ ದೃಶ್ಯವಿದೆ. 1792ರ ಶ್ರೀರಂಗಪಟ್ಟಣ ಒಪ್ಪಂದ. ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಇಬ್ಬರು ಮಕ್ಕಳು ಒತ್ತೆ. ನಮ್ಮ ಕಡೆ ಶಾಲೆ ಕಲಿತ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಆ ಮಕ್ಕಳನ್ನು ಕರೆತಂದು ಇಟ್ಟದ್ದು ಈ ಮದ್ರಾಸಿನಲ್ಲಿ ಎಂಬುದು ನನಗೆ ಮರೆತೇಹೋಗಿತ್ತು.

“ಒಂದು ಮಾರ್ಕಿನ ಪ್ರಶ್ನೆ ಇದು” ಎಂದರು ಅಪ್ಪ. “ಎಷ್ಟು ಮಕ್ಕಳನ್ನು ಒತ್ತೆ ಇಟ್ಟ? ಇಬ್ಬರು. ಅಷ್ಟೇ ಬರೆಸ್ತಿದ್ದೆ. ಇಷ್ಟು ಚಿಕ್ಕೋರು ಅಂತ ಹೊಳೀಲೇ ಇಲ್ಲ ನೋಡು.” ಆಮೇಲೆ ನಕ್ಕು, “ನಮ್ಮೂರಿಂದ ಮದ್ರಾಸಿಗೆ ಬಂದು ಸಿಕ್ಕಾಕ್ಕೊಂಡೋನು ನೀನೊಬ್ಬನೇ ಅಲ್ಲ ಬಿಡು” ಎಂದರು. ನಾನೂ ನಕ್ಕೆ. ಎರಡು ಹೆಜ್ಜೆ ಮುಂದೆ ಹೋಗಿ, ನನ್ನತ್ತ ತಿರುಗದೆ, “ಅವರು ಎರಡೇ ವರ್ಷಕ್ಕೆ ವಾಪಸ್ ಬಂದ್ರು” ಎಂದರು.

ಇಲ್ಲೊಂದು ವಿಷಯ ಹೇಳಬೇಕು. ಆ ಹೊತ್ತಿಗೆ ನಾವು ಚೆನ್ನೈನಲ್ಲಿ ಫ್ಲಾಟ್ ಒಂದಕ್ಕೆ ಮುಂಗಡ ಕೊಡಲು ನಿರ್ಧರಿಸಿದ್ದೆವು. ಬ್ಯಾಂಕಿನ ಕಾಗದಗಳು ನನ್ನ ಬ್ಯಾಗಿನಲ್ಲಿದ್ದವು. ಊರಿನಲ್ಲಿ ಅಪ್ಪ ಒಬ್ಬರೇ ಇರುವ ಮನೆ, ಮನೆಯ ಹಿಂದೆ ನಾಲೆ ನೀರಿನ ಮುಕ್ಕಾಲು ಎಕರೆ ಗದ್ದೆ. ‘ಯಾವಾಗ ವಾಪಸ್ ಬರ್ತೀಯ’ ಎಂದು ಅವರು ಒಮ್ಮೆಯೂ ಕೇಳಿದವರಲ್ಲ. ಕೇಳದೇ ಇರುವುದೇ ಕಷ್ಟ.

ಮರುದಿನ ಊರೊಳಗಿನ ಪೋರ್ಚುಗೀಸರು. ಮೈಲಾಪುರದ ಲಜ್ ಚರ್ಚಿನ ಕಲ್ಲಿನ ಮೇಲೆ 1516 ಎಂದಿದೆ. ಸಾಂತೋಮ್‌ನ ಬಿಳಿ ಗೋಪುರದ ಈಗಿನ ಕಟ್ಟಡ 1896ರದು. ನಾನು ದಿನಾ ಮೆಟ್ರೋದಲ್ಲಿ ಹೆಸರು ಕೇಳುವ ಸೇಂಟ್ ಥಾಮಸ್ ಮೌಂಟ್ ತಮಿಳರ ಬಾಯಲ್ಲಿ ಪರಂಗಿಮಲೈ. “ಪರಂಗಿಯೋರ ಬೆಟ್ಟ. ನಮ್ಮ ಪರಂಗಿ ಹಣ್ಣಿನ ಪರಂಗಿನೇ ಇದು” ಎಂದು ಅಪ್ಪ ಮೊಮ್ಮಗಳಿಗೆ ಹೇಳಿದರು. 1769ರಲ್ಲಿ ಹೈದರಾಲಿಯ ಕುದುರೆಪಡೆ ಈ ಬೆಟ್ಟದವರೆಗೆ ಬಂದು ನಿಂತಾಗಲೇ ಕಂಪನಿಯವರು ಗಾಬರಿಬಿದ್ದು ಒಪ್ಪಂದಕ್ಕೆ ಬಂದದ್ದು. ಸಂಜೆ ಬೆಸೆಂಟ್ ನಗರದ ಬೀಚಿನಲ್ಲಿ, ಎಲ್ಲರೂ ಫೋಟೋ ತೆಗೆಸಿಕೊಳ್ಳುವ ಬಿಳಿ ಕಮಾನಿನ ಕೆಳಗೆ ಕೂತೆವು. ಅದು ಕಾರ್ಲ್ ಸ್ಮಿತ್ ಎಂಬ ಡೇನಿಶ್ ನಾವಿಕನ ಸ್ಮಾರಕ. 1930ರ ಡಿಸೆಂಬರಿನಲ್ಲಿ ಇದೇ ಸಮುದ್ರದಲ್ಲಿ ಮುಳುಗುತ್ತಿದ್ದವರನ್ನು ಉಳಿಸಲು ಹೋಗಿ ಪ್ರಾಣ ಬಿಟ್ಟವನು. ನಾನು ಆ ಕಮಾನಿನ ಪಕ್ಕ ನೂರು ಸಲ ಸುಂಡಲ್ ತಿಂದಿರಬಹುದು. ಹೆಸರು ಓದಿರಲಿಲ್ಲ.

ಮುಂದಿನ ಭಾನುವಾರ ಪುಲಿಕಾಟ್, ಅಂದರೆ ಪಳವೇರ್ಕಾಡು. ಉತ್ತರಕ್ಕೆ ಸುಮಾರು ಅರವತ್ತು ಕಿಲೋಮೀಟರ್. ಕಾರಿಲ್ಲದವರು ಲೋಕಲ್ ರೈಲಿನಲ್ಲಿ ಪೊನ್ನೇರಿಗೆ ಹೋಗಿ ಅಲ್ಲಿಂದ ಬಸ್ ಹಿಡಿಯಬಹುದು. ಊಟ ಕಟ್ಟಿಕೊಂಡು ಹೋಗಿ, ಮೀನು ತಿನ್ನುವವರಿಗೆ ಆ ಚಿಂತೆಯಿಲ್ಲ. ಚಿಲಿಕಾ ಬಿಟ್ಟರೆ ನಮ್ಮ ದೇಶದ ಅತಿ ದೊಡ್ಡ ಉಪ್ಪುನೀರಿನ ಸರೋವರ ಇದು. ಚಳಿಗಾಲದಲ್ಲಿ ರಾಜಹಂಸಗಳು ಬರುತ್ತವೆ. ದೂರದಲ್ಲಿ ಗುಲಾಬಿ ಬಣ್ಣದ ಗೆರೆ ಎಳೆದಂತೆ ಕಾಣುತ್ತವೆ, ಬೈನಾಕ್ಯುಲರ್ ಇದ್ದರೆ ಒಳ್ಳೆಯದು.

ಡಚ್ಚರಿಗೆ ಇಲ್ಲಿ ವ್ಯಾಪಾರ ಮಾಡಲು 1610ರಲ್ಲಿ ಒಪ್ಪಿಗೆ ಕೊಟ್ಟದ್ದು ವಿಜಯನಗರದ ಅರವೀಡು ವಂಶದ ವೆಂಕಟಪತಿರಾಯ. 1613ರಲ್ಲಿ ಅವರು ಕಟ್ಟಿದ ಗೆಲ್ಡ್ರಿಯಾ ಕೋಟೆಯ ಜಾಗದಲ್ಲಿ ಈಗ ಇರುವುದು ಪೊದೆ, ಹಳ್ಳ. ಉಳಿದಿರುವುದು ಸ್ಮಶಾನ. ಬಾಗಿಲಿಗೆ ಅಸ್ಥಿಪಂಜರದ ಕೆತ್ತನೆ, ಒಳಗೆ ದೊಡ್ಡ ಕಲ್ಲುಚಪ್ಪಡಿಗಳ ಮೇಲೆ ಡಚ್ ಅಕ್ಷರ. ಅಪ್ಪ ಒಂದೊಂದು ಕಲ್ಲಿನ ಇಸವಿಯನ್ನೂ ಬೆರಳಿನಿಂದ ತಡವಿ ಓದಿದರು. ಪುರಾತತ್ವ ಇಲಾಖೆಯ ಫಲಕದ ಪಕ್ಕ ನಿಂತು ನಾನು ಮೊಬೈಲಿನಲ್ಲಿ ಓದಿ ಹೇಳಿದೆ: ಡಚ್ಚರಿಗೆ ಇಲ್ಲಿ ಬೇಕಿದ್ದದ್ದು ಮೆಣಸಲ್ಲ, ಬಟ್ಟೆ. ಇಲ್ಲಿಯ ನೇಕಾರರ ಬಟ್ಟೆ ಒಯ್ದು ಇಂಡೋನೇಷ್ಯಾದ ದ್ವೀಪಗಳಲ್ಲಿ ಕೊಟ್ಟರೆ ಲವಂಗ, ಜಾಯಿಕಾಯಿ ಸಿಗುತ್ತಿತ್ತು. ಬಟ್ಟೆಯ ಜೊತೆ ಇದೇ ದಡದಿಂದ ಗುಲಾಮರನ್ನೂ ಹಡಗಿಗೆ ತುಂಬಿ ಬಟೇವಿಯಾಕ್ಕೆ ಸಾಗಿಸುತ್ತಿದ್ದರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಸಾಂಬಾರ ಪದಾರ್ಥಕ್ಕಾಗಿ ಬಂದರು ಅಂತಲೇ 34 ವರ್ಷ ಬರೆಸಿದೆ. ಉಳಿದದ್ದು ನಮ್ಮ ಪುಸ್ತಕದಲ್ಲಿರಲಿಲ್ಲ” ಎಂದರು. ಆ ಧ್ವನಿಯಲ್ಲಿ ಬೇಸರವಿತ್ತು. ಮರುದಿನ ಬೆಳಿಗ್ಗೆ ಮೊಮ್ಮಗಳಿಗೆ ಅದನ್ನೇ ಸರಿಪಡಿಸಿ ಪಾಠ ಮಾಡುತ್ತಿದ್ದರು.

ಪೊಂಗಲ್‌ಗೆ ನಾಲ್ಕು ದಿನ ರಜೆ. ಬೆಳಿಗ್ಗೆ ಐದಕ್ಕೇ ಈಸಿಆರ್ ಹಿಡಿದೆವು, ತಡಮಾಡಿದರೆ ಟ್ರಾಫಿಕ್ಕಿನಲ್ಲೇ ಹಬ್ಬ. ನಮ್ಮ ಕಾರಿಗೆ ಮೊದಲು ಮಂಡ್ಯದ ಕೆಎ-11 ನಂಬರ್ ಇತ್ತು. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ಗಲಾಟೆ ಎದ್ದಾಗ ಎರಡು ವಾರ ಬೇಸ್‌ಮೆಂಟಿನಿಂದ ಹೊರಗೆ ತೆಗೆಯಲಿಲ್ಲ. ಆಮೇಲೆ ಟಿಎನ್ ನಂಬರ್ ಮಾಡಿಸಿದೆ. ಅದರ ನಂತರ ಊರಿಗೆ ಕಾರಿನಲ್ಲಿ ಹೋಗಲು ಹೆದರಿಕೆಯಾಯಿತು. ಅಪ್ಪ ಆ ನಂಬರ್ ಪ್ಲೇಟನ್ನು ಬಂದ ದಿನವೇ ನೋಡಿದ್ದರು, ಏನೂ ಅಂದಿರಲಿಲ್ಲ.

ಕಲ್ಪಾಕ್ಕಂ ಪಕ್ಕದ ಸದ್ರಾಸ್‌ನಲ್ಲಿ ಇಳಿದೆವು. ಅಣುಸ್ಥಾವರದ ಊರಿನ ನೆರೆಯಲ್ಲೇ, ಸಮುದ್ರಕ್ಕೆ ಎದುರಾಗಿ ಡಚ್ಚರ ಇಟ್ಟಿಗೆ ಕೋಟೆ. ಒಳಗೆ ಉಗ್ರಾಣ, ಕೆಲವು ಸಮಾಧಿ, ಹುಲ್ಲು, ಬೇರೆ ಪ್ರವಾಸಿಗರಿಲ್ಲ. ಅರ್ಧ ಗಂಟೆ ಸಾಕು. ಸಂಜೆಗೆ ಪಾಂಡಿಚೇರಿ. ಪಾಂಡಿ ನಿಮಗೆಲ್ಲ ಗೊತ್ತಿರುವ ಊರು, ಹೆಚ್ಚು ಬರೆಯುವುದಿಲ್ಲ. ಸಂಜೆಯ ಮೇಲೆ ಬೀಚ್ ರಸ್ತೆಗೆ ವಾಹನ ಬಿಡುವುದಿಲ್ಲ, ವಯಸ್ಸಾದವರನ್ನು ನಿಧಾನಕ್ಕೆ ನಡೆಸಿಕೊಂಡು ಹೋಗಲು ಇದಕ್ಕಿಂತ ಒಳ್ಳೆಯ ಜಾಗ ಈ ಕಡೆ ಇಲ್ಲ. ಕೆಂಪು ಟೋಪಿಯ ಪೊಲೀಸರನ್ನು ನೋಡಿ ಅಪ್ಪ ಮಗುವಿನಂತೆ ಖುಷಿಪಟ್ಟರು. 1954ರಲ್ಲಿ ಫ್ರೆಂಚರು ಆಡಳಿತ ಬಿಟ್ಟುಕೊಟ್ಟ ದಿನ ಯಾವುದು ಗೊತ್ತೇ? ನವೆಂಬರ್ 1. ಎರಡು ವರ್ಷದ ನಂತರ ಅದೇ ತಾರೀಕಿಗೆ ನಮ್ಮ ರಾಜ್ಯ ಹುಟ್ಟಿತು. “ಒಂದೇ ದಿನ ಇಬ್ಬರಿಗೂ ರಜ” ಎಂದರು ಮೇಷ್ಟ್ರು.

ಮರುದಿನ ಮಾಟ್ಟುಪ್ಪೊಂಗಲ್. ದಾರಿಯುದ್ದಕ್ಕೂ ಕೊಂಬಿಗೆ ಬಣ್ಣ ಬಳಿದ ದನಗಳು. ನಮ್ಮೂರಿನಲ್ಲಿ ಕಿಚ್ಚು ಹಾಯಿಸುವುದನ್ನು ಅಪ್ಪ ಮೊಮ್ಮಗಳಿಗೆ ವರ್ಣಿಸುತ್ತಿದ್ದರು. ಚಿದಂಬರಂ ದಾಟಿದ ಮೇಲೆ ಉದ್ದದ ಸೇತುವೆ ಬಂತು. ಕೆಳಗೆ ಅಗಲವಾದ ಮರಳು, ನಡುವೆ ನೀರಿನ ಪಟ್ಟೆಗಳು. “ಯಾವ ನದಿ?” ಎಂದರು. ಕೊಳ್ಳಿಡಂ ಎಂದೆ. “ತಿರುಚಿನಾಪಳ್ಳಿ ಹತ್ತಿರ ಕವಲೊಡೆಯೋ ಕೊಳ್ಳಿಡಂ. ನಮ್ಮ ಹೊಳೆನೇ” ಎಂದು ಕಿಟಕಿಯ ಗಾಜು ಇಳಿಸಿದರು. ಸೇತುವೆ ಮುಗಿಯುವವರೆಗೆ ಯಾರೂ ಮಾತಾಡಲಿಲ್ಲ.

ಟ್ರಾಂಕ್ವೆಬಾರ್ ಈಗ ತನ್ನ ಹಳೆಯ ಹೆಸರಿಗೆ ಮರಳಿದೆ: ತರಂಗಂಬಾಡಿ, ಅಲೆಗಳು ಹಾಡುವ ಊರು. ಹೆಸರಿನಲ್ಲಿಯ ತರಂಗ ನಮಗೂ ಗೊತ್ತಿರುವ ಪದ. ಚೆನ್ನೈನಿಂದ ಸುಮಾರು 280 ಕಿಲೋಮೀಟರ್, ರೈಲಿನಲ್ಲಿ ಬರುವವರು ಮಯಿಲಾಡುತುರೈನಲ್ಲಿ ಇಳಿಯಬೇಕು. 1620ರಲ್ಲಿ ತಂಜಾವೂರಿನ ರಘುನಾಥ ನಾಯಕನಿಂದ ಜಾಗ ಪಡೆದು ಡೇನಿಶರು ಡ್ಯಾನ್ಸ್‌ಬೋರ್ಗ್ ಕೋಟೆ ಕಟ್ಟಿದರು, 1845ರಲ್ಲಿ ಊರನ್ನೇ ಬ್ರಿಟಿಷರಿಗೆ ಮಾರಿ ಹೊರಟುಹೋದರು. ಬಿಳಿಯ ಹೆಬ್ಬಾಗಿಲು ದಾಟಿ ಒಳಗೆ ಹೋದರೆ ನೇರವಾದ ಬೀದಿ, ಕಂಬದ ಜಗಲಿಯ ಮನೆಗಳು, ಕೊನೆಗೆ ಕೋಟೆ, ಆಚೆ ಸಮುದ್ರ. ಪಕ್ಕದಲ್ಲೇ ಪಾಂಡ್ಯರ ಕಾಲದ ಮಾಸಿಲಾಮಣಿನಾಥರ್ ಗುಡಿ, ಅದರ ಒಂದು ಭಾಗವನ್ನು ಸಮುದ್ರ ತಿಂದಿದೆ. ಒಂದು ರಾತ್ರಿ ಉಳಿಯಬೇಕಾದ ಊರು ಇದು, ಗಡಿಬಿಡಿಯಲ್ಲಿ ನೋಡಬೇಡಿ.

ಅಲ್ಲಿಯ ನ್ಯೂ ಜೆರುಸಲೇಂ ಚರ್ಚಿನಲ್ಲಿ ಜೀಗನ್‌ಬಾಲ್ಗ್‌ನ ಸಮಾಧಿ ಇದೆ. ಜರ್ಮನಿಯವನು, ಡೆನ್ಮಾರ್ಕಿನ ರಾಜ ಕಳಿಸಿದ ಪಾದ್ರಿ. 1706ರಲ್ಲಿ ಬಂದವನು ಶಾಲಾಮಕ್ಕಳ ಪಕ್ಕ ಕೂತು ಮರಳಿನಲ್ಲಿ ಬರೆದು ತಮಿಳು ಕಲಿತ. ಇಲ್ಲೇ ಅಚ್ಚುಕೂಟ ಹಾಕಿ ಹೊಸ ಒಡಂಬಡಿಕೆಯನ್ನು ತಮಿಳಿನಲ್ಲಿ ಅಚ್ಚು ಹಾಕಿಸಿದ. ನಮ್ಮ ಮಂಗಳೂರಿನಲ್ಲಿ ಮೋಗ್ಲಿಂಗ್ ‘ಮಂಗಳೂರು ಸಮಾಚಾರ’ ತಂದದ್ದು 1843ರಲ್ಲಿ, ಕಿಟೆಲ್ ನಿಘಂಟು ಬಂದದ್ದು 1894ರಲ್ಲಿ. ಅವರೆಲ್ಲರಿಗಿಂತ ಒಂದು ಶತಮಾನಕ್ಕೂ ಹಿಂದಿನವನು ಇವನು. ಸತ್ತಾಗ ವಯಸ್ಸು 36.

ನನಗೆ 38. ಹನ್ನೊಂದು ವರ್ಷ ಇಲ್ಲಿದ್ದು ತಮಿಳಿನಲ್ಲಿ ಚೌಕಾಸಿ ಮಾಡುತ್ತೇನೆ, ಜಗಳವನ್ನೂ ಆಡಬಲ್ಲೆ, ಬಸ್ಸಿನ ಬೋರ್ಡು ಓದಲು ಬರುವುದಿಲ್ಲ. ಮಗಳಿಗೆ ಶಾಲೆಯಲ್ಲಿ ತಮಿಳು ಬರುತ್ತದೆ, ಕನ್ನಡ ಮಾತಾಡುತ್ತಾಳೆ, ಆದರೆ ಕನ್ನಡ ಓದುವುದಿಲ್ಲ. ನಾನು ಕಲಿಸಿಲ್ಲ. ‘ವೀಕೆಂಡಿನಲ್ಲಿ ಕಲಿಸೋಣ’ ಎಂದು ನಾಲ್ಕು ವರ್ಷದ ವೀಕೆಂಡುಗಳು ಹೋಗಿವೆ. ಆ ಸಂಜೆ ಕೋಟೆಯ ಮುಂದಿನ ಮರಳಿನಲ್ಲಿ ತಾತ ಮೊಮ್ಮಗಳು ಕೂತು ಬರೆಯುತ್ತಿದ್ದರು. ತಾತ ‘ಕಾವೇರಿ’ ಎಂದು ಕನ್ನಡದಲ್ಲಿ ಬರೆದರು, ಅವಳು ಕೆಳಗೆ ತಮಿಳಿನಲ್ಲಿ ಬರೆದಳು. ಆಮೇಲೆ ಅದಲು ಬದಲು. ಅವಳ ‘ವೇ’ಯ ದೀರ್ಘ ತಿದ್ದಿದರು, ಇವರ ತಮಿಳು ‘ರಿ’ಯನ್ನು ಅವಳು ತಿದ್ದಿದಳು. ಅಲೆ ಬಂದು ಅಳಿಸಿದಾಗ ಮತ್ತೆ ಬರೆದರು. ನಾನೂ ಹೋಗಿ ಕೂತೆ. “ನೀನು ತಮಿಳು ಬರಿ” ಎಂದರು ಅಪ್ಪ. ಮಗಳು ಕೈ ಹಿಡಿದು ಬರೆಸಿದಳು.

ಕಡೆಯ ದಿನ ಕಾಣುಂ ಪೊಂಗಲ್, ತಮಿಳರು ಮನೆಮಂದಿಯೆಲ್ಲ ಊಟ ಕಟ್ಟಿಕೊಂಡು ಹೊರಗೆ ಹೋಗುವ ದಿನ. ಹಿಂದಿರುಗುವ ದಾರಿಯಲ್ಲಿ ಇಪ್ಪತ್ತು ಕಿಲೋಮೀಟರ್ ದೂರದ ಪೂಂಪುಹಾರ್‌ಗೆ ತಿರುಗಿಸಿದೆ. ಅಪ್ಪನ ಹಾಳೆಯಲ್ಲಿ ಅಲ್ಲಿ ಯಾವ ಚುಕ್ಕಿಯೂ ಇರಲಿಲ್ಲ. ಅವರೇ ಕೇಳಿದ್ದು. ಕಾವೇರಿ ಸಮುದ್ರ ಸೇರುವ ಜಾಗ.

ಗದ್ದೆಗಳ ನಡುವಿನ ರಸ್ತೆ. ಎರಡೂ ಕಡೆ ತೆನೆ ಬಾಗಿದ ಭತ್ತ. ಅಪ್ಪ ಎರಡು ಸಲ ಕಾರು ನಿಲ್ಲಿಸಿ ಇಳಿದು ತೆನೆ ಹಿಡಿದು ನೋಡಿದರು. “ಚೆನ್ನಾಗಿ ಬಂದಿದೆ” ಎಂದರು, ರೈತ ರೈತನ ಬೆಳೆಗೆ ಹೇಳುವಷ್ಟೇ. ಸಂಗಮದ ಹತ್ತಿರ ಜನವೋ ಜನ. ಹೊಳೆ ಮಾತ್ರ ಸಣ್ಣದು. ಕೃಷ್ಣರಾಜಸಾಗರ ತುಂಬಿದಾಗ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯ ಕೆಳಗೆ ಹರಿಯುವುದನ್ನು ನೋಡಿ ಬೆಳೆದವರಿಗೆ ಅದು ನಮ್ಮ ವಿ.ಸಿ. ನಾಲೆಯ ಹಾಗೆ ಕಾಣುತ್ತದೆ. ಇಡೀ ನದಿ ದಾರಿಯಲ್ಲೇ ಗದ್ದೆಗಳಿಗೆ ಹಂಚಿಹೋಗಿ, ಉಳಿದದ್ದು ಇಲ್ಲಿಗೆ ಬಂದಿರುತ್ತದೆ. “ಇಷ್ಟೇನಾ?” ಎಂದರು ಅಪ್ಪ. ನಮ್ಮ ನೀರೆಲ್ಲ ಸುಮ್ಮನೆ ಸಮುದ್ರಕ್ಕೆ ಬಿಡ್ತಾರೆ ಎಂಬ ಮಾತನ್ನು ಊರಿನ ಅರಳಿಕಟ್ಟೆಯಲ್ಲಿ ನಾನು ಎಷ್ಟು ಸಲ ಕೇಳಿದ್ದೇನೋ.

ಪಕ್ಕದಲ್ಲಿ ಪುಳಿಯೋಗರೆ ಬಿಚ್ಚಿ ಕೂತಿದ್ದ ವಯಸ್ಸಾದವರೊಬ್ಬರು ಯಾವ ಊರು ಎಂದು ಕೇಳಿದರು. ನಾನು ಬೆಂಗಳೂರು ಎನ್ನಲು ಬಾಯಿ ತೆರೆದೆ. 2016ರಿಂದ ಅದೇ ರೂಢಿ, ಮಂಡ್ಯ ಎನ್ನುವುದಿಲ್ಲ. ಅಪ್ಪ ನನಗಿಂತ ಮೊದಲು “ಶ್ರೀರಂಗಪಟ್ಟಣ” ಎಂದರು. ಅವರಿಗೆ ಶ್ರೀರಂಗಂ ಎಂದು ಕೇಳಿಸಿತು. ಅಲ್ಲ, ಮೈಸೂರು ಶ್ರೀರಂಗಪಟ್ಟಣ, ಆದಿರಂಗ, ಅಲ್ಲೂ ಹೊಳೆ ನಡುವೆ ರಂಗನಾಥ ಎಂದು ಅಪ್ಪ ಕೈಸನ್ನೆಯಲ್ಲಿ ದ್ವೀಪ ಬರೆದು ತೋರಿಸಿದರು. ಆತ ಅಪ್ಪನನ್ನು ಒಂದು ಗಳಿಗೆ ನೋಡಿ, ಈ ಸಲ ಮೆಟ್ಟೂರಿನ ನೀರು ಸಮಯಕ್ಕೆ ಬಂತು ಎಂದು ತಮಿಳಿನಲ್ಲಿ ಹೇಳಿದರು. ಧನ್ಯವಾದವೂ ಅಲ್ಲ, ದೂರೂ ಅಲ್ಲ. ಎಲೆಯ ಮೇಲೆ ಪುಳಿಯೋಗರೆ ಹಾಕಿ ಕೊಟ್ಟರು. ಅಪ್ಪ ಚೀಲದಿಂದ ಎಳ್ಳುಬೆಲ್ಲದ ಪೊಟ್ಟಣ ತೆಗೆದರು.

ತಿಂದು ಕೈತೊಳೆದ ಮೇಲೆ ನಾನು ಹೇಳಿದೆ. “ಅಪ್ಪ, ಚೆನ್ನೈನಲ್ಲಿ ಒಂದು ಫ್ಲಾಟ್ ನೋಡಿದೀವಿ.”

“ಗೊತ್ತು. ನಿನ್ನ ಹೆಂಡ್ತಿ ಹೇಳಿದ್ಲು.” ಅಲೆಗಳನ್ನೇ ನೋಡುತ್ತಿದ್ದರು. “ನೀರಿಗೇನು ವ್ಯವಸ್ಥೆ?”

“ಈಗ ಟ್ಯಾಂಕರು. ಮುಂದೆ ಮೆಟ್ರೋ ವಾಟರ್ ಪೈಪು ಬರುತ್ತೆ ಅಂತಾರೆ.”

“ಅದಕ್ಕೆ ಎಲ್ಲಿಂದ ಬರುತ್ತೆ?”

“ಬೇರೆ ಬೇರೆ ಕೆರೆಯಿಂದ. ಊರಿಗೆ ಸ್ವಲ್ಪ ವೀರಾಣಂ ಕೆರೆಯಿಂದ ಬರುತ್ತೆ.”

“ವೀರಾಣಂಗೆ?”

“ಕೊಳ್ಳಿಡಂನಿಂದ.”

ಅಪ್ಪ ತುಂಬ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಪಂಚೆಯ ಮರಳು ಕೊಡವಿಕೊಂಡು ಎದ್ದರು. “ಹಂಗಾದ್ರೆ ಸರಿ. ತಗೋ” ಎಂದರು. “ಒಂದು ರೂಮು ಕೆಳಗಿನ ಮಹಡೀಲಿ ಇರೋ ಹಂಗೆ ನೋಡ್ಕೋ. ಮೆಟ್ಟಿಲು ಹತ್ತೋಕಾಗಲ್ಲ ನಂಗೆ.”

ಫೆಬ್ರವರಿಯಲ್ಲಿ ಅದೇ ಕಾವೇರಿ ಎಕ್ಸ್‌ಪ್ರೆಸ್ಸಿನಲ್ಲಿ ಊರಿಗೆ ಹೋದರು. ಗದ್ದೆ ಕೆಲಸವಿತ್ತು. ಹೋಗುವಾಗ ಮಗಳಿಗೆ ಎರಡು ಗೆರೆಯ ಕಾಪಿ ಪುಸ್ತಕ ಕೊಟ್ಟು, ದಿನಕ್ಕೊಂದು ಪುಟ ಬರೆದು ಫೋಟೋ ಕಳಿಸಬೇಕು ಎಂದಿದ್ದಾರೆ. ಈಗ ಒತ್ತಕ್ಷರದವರೆಗೆ ಬಂದಿದ್ದಾಳೆ. ತಪ್ಪಿದ್ದರೆ ಕೆಂಪು ಇಂಕಿನಲ್ಲಿ ತಿದ್ದಿ, ಅದರ ಫೋಟೋ ತೆಗೆದು ವಾಪಸ್ ಕಳಿಸುತ್ತಾರೆ.